ಹಳೇ ಕಲ್ಲಿನ ಮನೆಗೆ ಮೂರು ಪದರದ ಗಾಜಿನ ಕಿಟಕಿ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ವಿಜಯಪುರ, ಬಾಗಲಕೋಟೆ ಕಡೆಯ ಪರಿಚಯದವರಿಂದ ಎರಡು ಬೇಸಿಗೆಯಿಂದ ಒಂದೇ ದೂರು ಕೇಳುತ್ತಿದ್ದೇನೆ. "ಮೂರು ಗಾಜಿನ ಕಿಡಕಿ ಹಾಕಿಸಿದ್ವಿ. ಮನಿ ಇನ್ನೂ ಕಾಯ್ತೈತಿ, ಧೂಳ ಬರೋದು ನಿಂತಿಲ್ಲ, ಈಗ ಕಿಡಕಿ ಮುಚ್ಚಾಕೂ ಬರವಲ್ದು." ಹೋಗಿ ನೋಡಿದರೆ ಗಾಜು ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಚೌಕಟ್ಟಿಗೂ ಗೋಡೆಗೂ ನಡುವೆ ಇರುವ ಒಂದು ಬೆರಳಿನ ಸಂದಿ. ಅದಕ್ಕೆ ಸಿಮೆಂಟ್ ತುಂಬಿರುತ್ತಾರೆ, ಇಲ್ಲವೇ ಏನೂ ತುಂಬಿರುವುದಿಲ್ಲ.

ನಮ್ಮದು ವಿಜಯಪುರದ ಹಳೇ ಕಲ್ಲಿನ ಮನೆ. ಗೋಡೆ ಒಂದೂವರೆ ಅಡಿ ದಪ್ಪ, ಸಾಗವಾನಿ ಕಿಟಕಿ, ಚೌಕಟ್ಟಿನಲ್ಲೇ ಕೂರಿಸಿದ ಕಬ್ಬಿಣದ ಸರಳು. ಎರಡು ಚಳಿಗಾಲದಲ್ಲಿ ಅಷ್ಟೂ ಕಿಟಕಿ ಬದಲಿಸಿದೆವು. ಮೊದಲನೆಯದು ಹಾಳಾಯಿತು, ಬಿಚ್ಚಿ ಮತ್ತೆ ಹಾಕಿಸಬೇಕಾಯಿತು. ಆ ಒಂದು ಕಿಟಕಿಯಿಂದ ಕಲಿತದ್ದೇ ಇಲ್ಲಿ ಜಾಸ್ತಿ ಇದೆ. ಇಷ್ಟು ದುಡ್ಡು ಹಾಕುವ ಕೆಲಸ ಇದು, ಕೆಲಸದ ಕ್ರಮ ತಪ್ಪಿದ್ದಕ್ಕೇ ಅದು ನೀರಿನಲ್ಲಿ ಹೋಮ ಆಗಬಾರದು.

## 1. ಮೊದಲು ಗಾಜು ತೀರ್ಮಾನ ಮಾಡಿ, ಪದರ ಎಣಿಸಬೇಡಿ

ಮೂರು ಗಾಜು ಅಂದ ತಕ್ಷಣ ಬಿಸಿಲು ನಿಲ್ಲುವುದಿಲ್ಲ. ಗಾಜಿನಿಂದ ಬಿಸಿ ಒಳಗೆ ಬರುವುದು ಎರಡು ದಾರಿಯಲ್ಲಿ. ಹೊರಗಿನ ಗಾಳಿ ಕಾದಿದ್ದರಿಂದ ಗಾಜಿನ ಮೂಲಕ ಬರುವ ಶಾಖ ಒಂದು, ಅದರ ಅಳತೆ ಯು-ವ್ಯಾಲ್ಯೂ. ಬಿಸಿಲೇ ನೇರವಾಗಿ ಗಾಜು ದಾಟಿ ಬರುವುದು ಇನ್ನೊಂದು, ಅದರ ಅಳತೆ ಎಸ್‌ಎಚ್‌ಜಿಸಿ. ಎರಡೂ ಎಷ್ಟು ಕಡಿಮೆಯೋ ನಮಗೆ ಅಷ್ಟು ಒಳ್ಳೇದು. ಯುರೋಪಿನ ಚಳಿ ದೇಶಗಳಲ್ಲಿ ಮೊದಲನೆಯದೇ ಮುಖ್ಯ, ಅಲ್ಲಿ ಬಿಸಿಲು ಒಳಗೆ ಬಂದರೆ ಖುಷಿ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ನಮ್ಮೂರಲ್ಲಿ ಎರಡನೆಯದೇ ಮುಖ್ಯ.

ಲೆಕ್ಕ ಹಾಕಿ ನೋಡಿ. ಪಶ್ಚಿಮಕ್ಕೆ ಒಂದು ಕಿಟಕಿ, ಗಾಜು 1.5 ಚದರ ಮೀಟರ್. ಹೊರಗೆ 42 ಡಿಗ್ರಿ, ಒಳಗೆ ಎಸಿ ಹಾಕಿ 26. ಸಂಜೆ ಬಿಸಿಲು ಚದರ ಮೀಟರಿಗೆ 500 ವ್ಯಾಟ್ ಬೀಳುತ್ತಿದೆ ಅಂತ ಇಟ್ಟುಕೊಳ್ಳಿ. ಹಳೇ ಒಂದೇ ಗಾಜಿನಲ್ಲಿ ಗಾಳಿಯ ಶಾಖ ಸುಮಾರು 140 ವ್ಯಾಟ್, ಬಿಸಿಲು ಸುಮಾರು 615 ವ್ಯಾಟ್. ಲೇಪನ ಇಲ್ಲದ ಬರೀ ಮೂರು ಗಾಜು ಹಾಕಿದರೆ ಗಾಳಿಯ ಶಾಖ 45ಕ್ಕೆ ಇಳಿಯುತ್ತದೆ, ಬಿಸಿಲು ಮಾತ್ರ 510 ಬರುತ್ತಲೇ ಇರುತ್ತದೆ. ಎರಡೇ ಗಾಜು ಇದ್ದು ಅದಕ್ಕೆ ಬಿಸಿಲು ತಡೆಯುವ ಲೋ-ಇ ಲೇಪನ, ಅಂದರೆ ಗಾಜಿನ ಮೈಗೆ ತೀರಾ ತೆಳ್ಳಗೆ ಹಚ್ಚಿದ ಲೋಹದ ಪದರ, ಇದ್ದರೆ (ಎಸ್‌ಎಚ್‌ಜಿಸಿ 0.28, ಯು-ವ್ಯಾಲ್ಯೂ 1.6 ಅಂತ ಹಿಡಿಯಿರಿ) ಗಾಳಿಯದು 38, ಬಿಸಿಲಿನದು 210. ಮೂರು ಗಾಜು ಹಾಕಿಸಿದರೂ ಮನೆ ಕಾಯುವುದು ಯಾಕೆ ಅಂತ ಗೊತ್ತಾಯಿತಲ್ವಾ?

ಹಾಗಾಗಿ ಮೊದಲು ಲೇಪನ, ಆಮೇಲೆ ಮೂರನೇ ಗಾಜು. ಲೇಪನ ಇದ್ದ ಮೇಲೂ ಮೂರನೇ ಗಾಜು ಹಾಕಿ ಯು-ವ್ಯಾಲ್ಯೂ 0.8ಕ್ಕೆ ತಂದರೆ ಇದೇ ಕಿಟಕಿಯಲ್ಲಿ ಇನ್ನೊಂದು 20 ವ್ಯಾಟ್ ಉಳಿಯುತ್ತದೆ. ಹಗಲು ರಾತ್ರಿ ಎಸಿ ಓಡುವ ಕೋಣೆಗೆ, ದೊಡ್ಡ ಗಾಜಿಗೆ ಅದು ಬೆಲೆಬಾಳುತ್ತದೆ. ಎಸಿ ಇಲ್ಲದ ಪಡಸಾಲೆಗೆ ಬೇಡ. ನಾನು ಮಲಗುವ ಕೋಣೆಯ ಎರಡು ಕಿಟಕಿಗೆ ಮಾತ್ರ ಮೂರು ಗಾಜು ಹಾಕಿಸಿದೆ, ಉಳಿದವಕ್ಕೆ ಎರಡು. ಕೂರಿಸುವ ವಿಧಾನ ಎರಡಕ್ಕೂ ಒಂದೇ. ರಸ್ತೆಯ ಗದ್ದಲಕ್ಕಾಗಿ ಮೂರು ಗಾಜು ಕೇಳುವವರಿದ್ದಾರೆ. ಗದ್ದಲಕ್ಕೆ ಒಂದು ಗಾಜು ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿದ್ದು) ಇರುವ ಎರಡು ಪದರವೇ ಸಾಕು.

ಕೊಟೇಶನ್‌ನಲ್ಲಿ ನಾಲ್ಕು ವಿಷಯ ಬರೆಸಿಕೊಳ್ಳಿ: ಯು-ವ್ಯಾಲ್ಯೂ, ಎಸ್‌ಎಚ್‌ಜಿಸಿ, ಬೆಳಕು ಎಷ್ಟು ಪಾಲು ಒಳಗೆ ಬರುತ್ತದೆ, ಲೇಪನ ಯಾವ ಮೈಗೆ ಇದೆ. ಮೈಗಳನ್ನು ಹೊರಗಿನಿಂದ ಎಣಿಸುತ್ತಾರೆ. ಹೊರಗಾಜಿನ ಹೊರಮೈ ಒಂದು, ಅದರ ಒಳಮೈ ಎರಡು. ನಮ್ಮ ಬಿಸಿಲಿಗೆ ಲೇಪನ ಎರಡನೇ ಮೈಯಲ್ಲೇ ಇರಬೇಕು. ಆಗ ಬಿಸಿ ಹೊರಗಾಜಿನಲ್ಲೇ ನಿಂತು ಹೊರಗೇ ಹೋಗುತ್ತದೆ.

ಮೂರು ಪದರದ ನಡುಗಾಜು ಎರಡೂ ಕಡೆ ಮುಚ್ಚಿರುವುದರಿಂದ ಜಾಸ್ತಿ ಕಾಯುತ್ತದೆ. ಅರ್ಧ ನೆರಳು, ಅರ್ಧ ಬಿಸಿಲು ಬಿದ್ದರೆ ಸಾದಾ ಗಾಜು ತಾನಾಗಿ ಬಿರುಕು ಬಿಡಬಹುದು. ಅದಕ್ಕೆ ಮೂರನ್ನೂ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ ಗಾಜು) ಹೇಳಿ, ಸುರಕ್ಷತಾ ಗಾಜಿನ ಭಾರತೀಯ ಮಾನದಂಡ ಐಎಸ್ 2553ರ ಗುರುತು ಮೂಲೆಯಲ್ಲಿ ಇರುವಂತೆ. ಇದೇ ಕಾರಣಕ್ಕೆ ಕಿಟಕಿ ಹಾಕಿದ ಮೇಲೆ ಅದರ ಮೇಲೆ ಸನ್ ಫಿಲ್ಮ್ ಅಂಟಿಸಬೇಡಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಶ್ಚಿಮದ ಕಿಟಕಿಗೆ ಛಜ್ಜಾ ಇಲ್ಲದಿದ್ದರೆ ಮೊದಲು ಹೊರಗಡೆ ನೆರಳು ಮಾಡಿ. ತಗಡಿನ ಮನೆಯಾಗಿದ್ದರೆ ದುಡ್ಡನ್ನು ಮೊದಲು ಚಾವಣಿಗೆ ಹಾಕಿ. ತಲೆ ಮೇಲಿನ ತಗಡು ಕಾಯುತ್ತಿರುವಾಗ ಕಿಟಕಿ ಬದಲಿಸಿ ಉಪಯೋಗ ಇಲ್ಲ.

## 2. ಗೋಡೆ ಮತ್ತು ಪರವಾನಗಿ

ಗೋಲಗುಂಬಜ್, ಇಬ್ರಾಹಿಂ ರೋಜಾದಂಥ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರ ತಿದ್ದುಪಡಿ ಆದಮೇಲೆ ಅಲ್ಲಿ ದುರಸ್ತಿಗೂ ಅನುಮತಿ ಬೇಕು. ವಿಜಯಪುರದಲ್ಲಿ, ಬಾದಾಮಿಯಲ್ಲಿ ಎಷ್ಟೋ ಮನೆ ಈ ಅಳತೆಯೊಳಗೇ ಇವೆ. ಗೋಡೆ ಒಡೆಯುವ ಮುಂಚೆ ಪುರಾತತ್ವ ಇಲಾಖೆಯಲ್ಲಿ ಕೇಳಿಕೊಳ್ಳಿ.

ಇನ್ನು ಗೋಡೆ. ನಮ್ಮ ಕಡೆಯ ಹಳೇ ಗೋಡೆಗಳು ಎರಡು ಮುಖದ ಕಲ್ಲು, ನಡುವೆ ಮಣ್ಣು ಮತ್ತು ಚೂರುಗಲ್ಲು. ನೋಡುವುದಕ್ಕೆ ಕೋಟೆಯಂತೆ ಕಂಡರೂ ಕಿಟಕಿಯ ಪಕ್ಕದಲ್ಲಿ ಸ್ಕ್ರೂ ಹಿಡಿಯುವ ಜಾಗವೇ ಇರುವುದಿಲ್ಲ. ಕಿಟಕಿಯ ಮೇಲೆ ಕಲ್ಲಿನ ಹಾಸು ಇದೆಯೋ, ಕಟ್ಟಿಗೆಯ ಹಲಗೆ ಇದೆಯೋ ನೋಡಿ. ಹಲಗೆಯಾದರೆ ಚೂಪಾದ ಮೊಳೆಯಿಂದ ಚುಚ್ಚಿ. ಮೊಳೆ ಸುಲಭವಾಗಿ ಒಳಗೆ ಹೋದರೆ ಗೆದ್ದಲು ತಿಂದಿದೆ, ಅಂದರೆ ಇಷ್ಟು ದಿನ ಮೇಲಿನ ಭಾರ ಹೊತ್ತಿದ್ದು ಕಿಟಕಿಯ ಚೌಕಟ್ಟೇ.

ಈ ಮೂರರಲ್ಲಿ ಒಂದು ಕಂಡರೂ ಕೆಲಸ ನಿಲ್ಲಿಸಿ, ಸಿವಿಲ್ ಎಂಜಿನಿಯರ್‌ಗೆ ತೋರಿಸಿ: ಕಿಟಕಿಯ ಮೂಲೆಯಿಂದ ಮೇಲಕ್ಕೆ ಓರೆಯಾಗಿ ಹೋದ ಬಿರುಕು, ಚೌಕಟ್ಟಿನ ಮೇಲ್ಪಟ್ಟಿ ನಡುವೆ ಬಾಗಿರುವುದು, ಹಳೇ ಕಿಟಕಿ ಮಳೆಗಾಲದಲ್ಲಷ್ಟೇ ಅಲ್ಲದೆ ವರ್ಷವಿಡೀ ಬಿಗಿಯಾಗಿರುವುದು. ಅಂಥ ಕಡೆ ಮೇಲೆ ಜಾಕಿ ಕೊಟ್ಟು, ಹೊಸ ಲಿಂಟಲ್ (ಕಿಟಕಿಯ ಮೇಲಿನ ಭಾರ ಹೊರುವ ತೊಲೆ) ಹಾಕಿದ ಮೇಲೆಯೇ ಮುಂದಿನ ಹಂತ.

## 3. ಹೇಗೆ ತೆರೆಯಬೇಕು, ಗ್ರಿಲ್ ಎಲ್ಲಿ?

ಧೂಳು ನಿಲ್ಲಬೇಕೆಂದರೆ ಸ್ಲೈಡಿಂಗ್ ಬೇಡ. ಸ್ಲೈಡಿಂಗ್ ಕಿಟಕಿ ಬ್ರಷ್ ಪಟ್ಟಿಯ ಮೇಲೆ ಓಡುತ್ತದೆ, ಬ್ರಷ್ ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಮೇಲಾಗಿ ಮೂರು ಗಾಜಿನ ದಪ್ಪ ಸುಮಾರು 36ರಿಂದ 44 ಮಿ.ಮೀ., ಸಾಮಾನ್ಯ ಸ್ಲೈಡಿಂಗ್ ಪಟ್ಟಿಯಲ್ಲಿ ಅದು ಕೂರುವುದೂ ಇಲ್ಲ. ಬಾಗಿಲಿನಂತೆ ತೆರೆಯುವ ಕಿಟಕಿ ತಗೊಳ್ಳಿ. ಸುತ್ತ ರಬ್ಬರ್ ಗ್ಯಾಸ್ಕೆಟ್ ಇರಲಿ, ಹಿಡಿಕೆ ತಿರುಗಿಸಿದರೆ ಮೂರು-ನಾಲ್ಕು ಕಡೆ ಲಾಕ್ ಬೀಳಲಿ.

ಸರಳಿನ ಪ್ರಶ್ನೆ ಎಲ್ಲರೂ ಮರೆಯುತ್ತಾರೆ. ಹಳೇ ಚೌಕಟ್ಟು ತೆಗೆದರೆ ಸರಳೂ ಹೋಗುತ್ತವೆ. ದಪ್ಪ ಗೋಡೆಗೆ ನನಗೆ ಸರಿ ಕಂಡ ವ್ಯವಸ್ಥೆ ಇದು: ಹೊರಗಡೆ ಗ್ರಿಲ್, ಅದರ ಹಿಂದೆ ಸೊಳ್ಳೆ ಜಾಲರಿ, ಅದರ ಹಿಂದೆ ಒಳಕ್ಕೆ ತೆರೆಯುವ ಕಿಟಕಿ. ಹೊರಮುಖದಿಂದ ಆರು ಇಂಚಾದರೂ ಒಳಗೆ ಚೌಕಟ್ಟು ಕೂರಿಸಿದರೆ ಗೋಡೆಯ ದಪ್ಪವೇ ಗಾಜಿಗೆ ನೆರಳು ಕೊಡುತ್ತದೆ. ಮಲಗುವ ಕೋಣೆಯ ಒಂದು ಗ್ರಿಲ್ಲಾದರೂ ಒಳಗಿನಿಂದ ತೆರೆಯುವಂತಿರಲಿ, ಬೆಂಕಿ ಹತ್ತಿದರೆ ಹೊರಗೆ ಬರುವುದಕ್ಕೆ ದಾರಿ ಬೇಕು.

ಚೌಕಟ್ಟು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಆದರೆ ಬಿಳಿ ಬಣ್ಣವೇ ಇರಲಿ. ಕಂದು, ಕಪ್ಪು ನೋಡಲು ಚೆಂದ, ಆದರೆ ನಮ್ಮ ಬಿಸಿಲಿನಲ್ಲಿ ತುಂಬಾ ಕಾಯ್ದು ಬಾಗುತ್ತವೆ. ಪೈಪಿನ ಒಳಗೆ ಜಿಐ ಉಕ್ಕಿನ ಪಟ್ಟಿ ಇದೆಯಾ ಕೇಳಿ, ಸಾಧ್ಯವಾದರೆ ಕತ್ತರಿಸಿದ ತುಂಡು ನೋಡಿ. ಅಲ್ಯೂಮಿನಿಯಂ ಆದರೆ ನಡುವೆ ಥರ್ಮಲ್ ಬ್ರೇಕ್ (ಶಾಖ ದಾಟದಂತೆ ಇಡುವ ಪ್ಲಾಸ್ಟಿಕ್ ಪಟ್ಟಿ) ಇರುವುದನ್ನೇ ತಗೊಳ್ಳಿ, ಇಲ್ಲದಿದ್ದರೆ ಗಾಜು ತಡೆದ ಶಾಖ ಚೌಕಟ್ಟಿನಿಂದ ಒಳಗೆ ಬರುತ್ತದೆ.

## 4. ಹಳೇ ಚೌಕಟ್ಟು ತೆಗೆಯುವುದು

ಕೆಲಸಕ್ಕೆ ಒಳ್ಳೇ ಕಾಲ ದೀಪಾವಳಿ ಮುಗಿದ ಮೇಲಿಂದ ಫೆಬ್ರುವರಿವರೆಗೆ. ಮಳೆಯಲ್ಲಿ ಮಣ್ಣಿನ ಗೋಡೆ ನೆನೆದಿರುತ್ತದೆ. ಮೇ ತಿಂಗಳಲ್ಲಿ ಚೌಕಟ್ಟು ಹಿಗ್ಗಿರುತ್ತದೆ. ಒಂದು ಸಲಕ್ಕೆ ಒಂದೇ ಕೋಣೆ ಹಿಡಿಯಿರಿ. ಮೊದಲನೆಯದು ಹಿತ್ತಲ ಕಡೆಯ ಸಣ್ಣ ಕಿಟಕಿ ಇರಲಿ, ಗೌಂಡಿಯ ಕೈ ಹೇಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಬೇಕಾದ ಸಾಮಾನು: ಗರಗಸ, ಉಳಿ, ಸುತ್ತಿಗೆ, ಕಟ್ಟರ್ ಮಷಿನ್, ಹ್ಯಾಮರ್ ಡ್ರಿಲ್, ಮೂರು ಅಡಿಯ ಸ್ಪಿರಿಟ್ ಲೆವೆಲ್, ತೂಗುಗುಂಡು, ಮಿಲಿಮೀಟರ್ ಇರುವ ಉಕ್ಕಿನ ಟೇಪು, ಪ್ಲಾಸ್ಟಿಕ್ ಪ್ಯಾಕಿಂಗ್ ತುಂಡುಗಳು, ಚೌಕಟ್ಟಿಗೆ ಹಾಕುವ ಉದ್ದ ಆಂಕರ್ ಸ್ಕ್ರೂ, ಕಡಿಮೆ ಉಬ್ಬುವ ಪಿಯು ಫೋಮ್ (ಸಂದಿ ತುಂಬುವ ನೊರೆ), ನ್ಯೂಟ್ರಲ್ ಸಿಲಿಕಾನ್, ಫೋಮ್ ಹಗ್ಗ, ಮಾಸ್ಕಿಂಗ್ ಟೇಪ್. ಜೊತೆಗೆ ಕನ್ನಡಕ, ಮಾಸ್ಕ್, ದಪ್ಪ ಕೈಗವಸು. ಫೋಮ್ ಮತ್ತು ಸಿಲಿಕಾನ್ ನೀವೇ ತನ್ನಿ. ಬೇರೆಯವರಿಗೆ ಬಿಟ್ಟರೆ ಅಗ್ಗದ್ದು ಬರುತ್ತದೆ.

ಚೌಕಟ್ಟನ್ನು ಗಡಾರಿ ಹಾಕಿ ಮೀಟಬೇಡಿ. ಅದರ ಕೊಂಬುಗಳು (ಮೂಲೆಯಿಂದ ಚಾಚಿದ ತುದಿಗಳು) ಗೋಡೆಯೊಳಗೆ ನಾಲ್ಕೈದು ಇಂಚು ಹೋಗಿರುತ್ತವೆ, ಮೀಟಿದರೆ ಪಕ್ಕದ ಕಲ್ಲೇ ಸಡಿಲಾಗುತ್ತದೆ. ಮೊದಲು ಕಿಟಕಿಯ ಬಾಗಿಲು ಬಿಚ್ಚಿ, ಸರಳು ಕತ್ತರಿಸಿ. ನಿಂತ ಪಟ್ಟಿಗಳನ್ನು ನಡುವೆ ಗರಗಸದಿಂದ ಕೊಯ್ದು ಎರಡು ತುಂಡು ಮಾಡಿ ಒಳಗಡೆಗೆ ಎಳೆಯಿರಿ. ಕೆಳಪಟ್ಟಿ ಆಮೇಲೆ, ಮೇಲ್ಪಟ್ಟಿ ಕೊನೆಗೆ. ಮೇಲ್ಪಟ್ಟಿಗೆ ಗರಗಸ ಇಟ್ಟಾಗ ಅದು ಸಿಕ್ಕಿಹಾಕಿಕೊಂಡರೆ ಮೇಲಿಂದ ಭಾರ ಬರುತ್ತಿದೆ ಅಂತ ಅರ್ಥ. ಅಲ್ಲೇ ನಿಲ್ಲಿಸಿ ಜಾಕಿ ಕೊಡಿ.

ಹಳೇ ಬಣ್ಣದ ಬಗ್ಗೆ ಎಚ್ಚರ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎಣ್ಣೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಒಣಗಿದಂತೆಯೇ ಉಜ್ಜಬೇಡಿ, ಒದ್ದೆ ಮಾಡಿ ಉಜ್ಜಿ. ಚಿಕ್ಕ ಮಕ್ಕಳನ್ನು, ಬಸುರಿಯರನ್ನು ಆ ಕೋಣೆಯಿಂದ ದೂರ ಇಡಿ. ಮತ್ತೆ ಆ ಕಟ್ಟಿಗೆಯನ್ನು ಬಚ್ಚಲ ಒಲೆಗೆ ದಯವಿಟ್ಟು ಹಾಕಬೇಡಿ. ಇದನ್ನು ಎಷ್ಟೋ ಮನೆಗಳಲ್ಲಿ ಕಣ್ಣಾರೆ ನೋಡಿದ್ದೇನೆ. ಒಳ್ಳೇ ಸಾಗವಾನಿ ಅಂತ ನೀರು ಕಾಯಿಸುತ್ತಾರೆ, ಸೀಸದ ಹೊಗೆ ಮತ್ತು ಬೂದಿ ಮನೆಯಲ್ಲೇ ಉಳಿಯುತ್ತದೆ.

## 5. ಸುತ್ತ ಗಟ್ಟಿ ಅಂಚು ಕಟ್ಟಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಚೌಕಟ್ಟು ತೆಗೆದ ಮೇಲೆ ಉಳಿಯುವ ತೆರವು ಚೌಕಾಕಾರ ಇರುವುದೇ ಇಲ್ಲ. ಒಂದು ಕಡೆ ಕಲ್ಲು ಮುಂದೆ ಬಂದಿರುತ್ತದೆ, ಇನ್ನೊಂದು ಕಡೆ ಮಣ್ಣು ಉದುರುತ್ತಿರುತ್ತದೆ. ಇಂಥ ಗೋಡೆಗೆ ಕಿಟಕಿಯನ್ನು ನೇರ ಹೊಡೆದರೆ ಸ್ಕ್ರೂ ಮಣ್ಣಿನಲ್ಲಿ ಕೂರುತ್ತದೆ, ಎರಡು ವರ್ಷಕ್ಕೆ ಸಡಿಲಾಗುತ್ತದೆ.

ಸಡಿಲು ಮಣ್ಣು ಕೆರೆದು, ನೀರು ಚಿಮುಕಿಸಿ, ನಾಲ್ಕೂ ಕಡೆ ಎರಡು-ಮೂರು ಇಂಚಿನ ಕಾಂಕ್ರೀಟ್ ಅಂಚು ಹಾಕಿಸಿ. ಬೇಕಾದರೆ ಅದರ ಮೇಲೆ ಇಳಕಲ್ಲಿನ ಗ್ರಾನೈಟ್ ಪಟ್ಟಿ ಕೂರಿಸಬಹುದು, ನೋಡಲೂ ಚೆಂದ. ಗೆದ್ದಲಿನ ಔಷಧ ಹೊಡೆಸುವುದಿದ್ದರೆ ಅಂಚು ಹಾಕುವ ಮುಂಚೆ. ಕೆಳಗಿನ ಹಾಸು ಹೊರಗಡೆಗೆ ಅರ್ಧ ಇಂಚು ಇಳಿಜಾರು ಇರಬೇಕು, ಗೋಡೆಯಿಂದ ಒಂದೆರಡು ಇಂಚು ಮುಂದೆ ಚಾಚಬೇಕು. ಚಾಚಿದ ಭಾಗದ ಅಡಿಯಲ್ಲಿ ಕಟ್ಟರ್‌ನಿಂದ ಒಂದು ಗೆರೆ ಕೊರೆಸಿ. ಇಲ್ಲದಿದ್ದರೆ ಮಳೆ ನೀರು ಹಾಸಿನ ಅಡಿಗೆ ಅಂಟಿಕೊಂಡೇ ಹಿಂದೆ ಹರಿದು ಗೋಡೆಗೆ ಇಳಿಯುತ್ತದೆ. ಗೆರೆ ಇದ್ದರೆ ಅಲ್ಲೇ ತೊಟ್ಟಿಕ್ಕುತ್ತದೆ.

ಅಂಚಿಗೆ ಏಳು ದಿನ ನೀರು ಹಾಕಿ. ಅಷ್ಟು ದಿನ ತೆರವಿಗೆ ಪ್ಲೈವುಡ್ ಹೊಡೆದು ಮುಚ್ಚಿ. ಮನೆಯಲ್ಲಿ ಎಲ್ಲರೂ ಬೇಗ ಮುಗಿಸಿ ಅಂತಾರೆ. ಆದರೂ ಏಳು ದಿನ ಬಿಡಿ.

## 6. ಅಳತೆ ಈಗ ತೆಗೆಯಿರಿ

ಹಳೇ ಕಿಟಕಿ ಗೋಡೆಯಲ್ಲಿರುವಾಗಲೇ ಅಳತೆ ತೆಗೆದು ಆರ್ಡರ್ ಕೊಡುವುದೇ ಮೊದಲ ದೊಡ್ಡ ತಪ್ಪು. ಕಟ್ಟಿಗೆಯ ಹಿಂದೆ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಕಿಟಕಿ ಬಂದ ಮೇಲೆ ದೊಡ್ಡದಾದರೆ ಗೋಡೆ ಕೆತ್ತುತ್ತಾರೆ, ಸಣ್ಣದಾದರೆ ಎರಡು ಇಂಚು ಸಿಮೆಂಟ್ ಮೆತ್ತುತ್ತಾರೆ.

ಅಂಚು ಗಟ್ಟಿಯಾದ ಮೇಲೆ ಅಗಲವನ್ನು ಮೂರು ಕಡೆ ಅಳೆಯಿರಿ: ಮೇಲೆ, ನಡುವೆ, ಕೆಳಗೆ. ಎತ್ತರವನ್ನೂ ಹಾಗೆಯೇ ಎಡ, ನಡು, ಬಲ. ಪ್ರತಿಯೊಂದರಲ್ಲೂ ಚಿಕ್ಕ ಸಂಖ್ಯೆ ಹಿಡಿಯಿರಿ. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎರಡರ ನಡುವೆ 10 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅಂಚನ್ನು ಸರಿ ಮಾಡಿಸಿ, ಕಿಟಕಿಯನ್ನು ಸೊಟ್ಟ ಮಾಡಿಸಬೇಡಿ.

ಚಿಕ್ಕ ಅಗಲದಿಂದ 20 ಮಿ.ಮೀ., ಚಿಕ್ಕ ಎತ್ತರದಿಂದ 20 ಮಿ.ಮೀ. ಕಳೆಯಿರಿ. ಸುತ್ತ 10 ಮಿ.ಮೀ. ಸಂದಿ ಸಿಗುತ್ತದೆ. ಗೌಂಡಿಗೆ ಇದು ಇಷ್ಟ ಆಗುವುದಿಲ್ಲ, ಬಿಗಿಯಾಗಿ ಕೂತರೇ ಚೆಂದ ಅನ್ನುತ್ತಾರೆ. ಕಾರಣ ಹೇಳಿ: ಯುಪಿವಿಸಿ ಒಂದು ಮೀಟರ್ ಉದ್ದಕ್ಕೆ ಹತ್ತು ಡಿಗ್ರಿಗೆ ಸುಮಾರು 0.7 ಮಿ.ಮೀ. ಹಿಗ್ಗುತ್ತದೆ. ಬೆಳಿಗ್ಗೆ 25 ಡಿಗ್ರಿ ಇದ್ದ ಚೌಕಟ್ಟಿನ ಮೈ ಬಿಸಿಲಿಗೆ 55 ಆದರೆ ಒಂದೂವರೆ ಮೀಟರ್ ಪಟ್ಟಿ 3 ಮಿ.ಮೀ.ಗಿಂತ ಜಾಸ್ತಿ ಬೆಳೆಯುತ್ತದೆ. ಅದಕ್ಕೆ ಜಾಗ ಕೊಡದಿದ್ದರೆ ಬಾಗುತ್ತದೆ.

ಅಳತೆ ಮಿಲಿಮೀಟರಿನಲ್ಲೇ ಬರೆಯಿರಿ. ಗೌಂಡಿ ಇಂಚು-ಸೂತದಲ್ಲಿ ಹೇಳಿ, ಫ್ಯಾಬ್ರಿಕೇಟರ್ ಅದನ್ನು ಫೋನಿನಲ್ಲಿ ಕೇಳಿ ಬರೆದುಕೊಂಡರೆ ಅಲ್ಲೇ ಎಡವಟ್ಟು. ಪ್ರತಿ ತೆರವಿನ ಪಕ್ಕ ಗೋಡೆ ಮೇಲೆ ಸೀಸಕಡ್ಡಿಯಿಂದ ನಂಬರ್ ಹಾಕಿ, ಅದೇ ನಂಬರ್ ಆರ್ಡರಿನಲ್ಲಿ ಇರಲಿ.

ಆರ್ಡರ್ ಕೊಡುವಾಗ ತೂಕವನ್ನೂ ಮಾತಾಡಿ. ಗಾಜು ಒಂದು ಚದರ ಮೀಟರಿಗೆ, ಒಂದು ಮಿ.ಮೀ. ದಪ್ಪಕ್ಕೆ 2.5 ಕಿಲೋ. ಐದು ಮಿ.ಮೀ. ಗಾಜು ಮೂರಾದರೆ ಚದರ ಮೀಟರಿಗೆ 37.5 ಕಿಲೋ. ನಾಲ್ಕಡಿ ಚೌಕದ ಒಂದೇ ಶಟರ್ (ಕಿಟಕಿಯ ತೆರೆಯುವ ಬಾಗಿಲು) ಐವತ್ತು ಕಿಲೋ ದಾಟುತ್ತದೆ. ಹಿಂಜ್ ಅಷ್ಟು ಹೊರುತ್ತದಾ ಅಂತ ಕೇಳಿ, ಇಲ್ಲದಿದ್ದರೆ ಎರಡು ಶಟರ್ ಮಾಡಿಸಿ. ಇನ್ನೊಂದು, ವಿಜಯಪುರ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್, ಬೆಳಗಾವಿ ಸುಮಾರು 750 ಮೀಟರ್ ಎತ್ತರ. ಮುಂಬೈ, ಗೋವಾದಂಥ ಕಡಲ ಊರಲ್ಲಿ ಸೀಲ್ ಮಾಡಿದ ಗಾಜು ಮೇಲೆ ಬಂದಾಗ ಒಳಗಿನ ಗಾಳಿ ಹಿಗ್ಗಿ ಗಾಜು ಉಬ್ಬುತ್ತದೆ, ಮೂರು ಪದರದಲ್ಲಿ ಇನ್ನೂ ಜಾಸ್ತಿ. ಯಾವ ಊರಿಗೆ ಹೋಗುತ್ತದೆ ಅಂತ ತಯಾರಕರಿಗೆ ಮೊದಲೇ ಹೇಳಿ.

## 7. ಬಂದ ಮಾಲು ನೋಡಿ ಇಳಿಸಿಕೊಳ್ಳಿ

ಸಂಜೆ ಕತ್ತಲಾದ ಮೇಲೆ ಗಾಜಿನ ಮುಂದೆ ಲೈಟರ್ ಹಚ್ಚಿ ಹಿಡಿಯಿರಿ. ಓರೆಯಾಗಿ ನೋಡಿದರೆ ಜ್ವಾಲೆಯ ಪ್ರತಿಬಿಂಬಗಳು ಸಾಲಾಗಿ ಕಾಣುತ್ತವೆ. ಎರಡು ಗಾಜಿಗೆ ನಾಲ್ಕು, ಮೂರು ಗಾಜಿಗೆ ಆರು. ಅದರಲ್ಲಿ ಒಂದರ ಬಣ್ಣ ಬೇರೆ ಇರುತ್ತದೆ, ಉಳಿದವು ಹಳದಿ ಇದ್ದರೆ ಅದು ಸ್ವಲ್ಪ ಕೆಂಪೋ ನೇರಳೆಯೋ. ಅದೇ ಲೇಪನ ಇರುವ ಮೈ. ಹೊರಗಡೆಯಿಂದ ನೋಡಿದಾಗ ಅದು ಎರಡನೆಯದಾಗಿರಬೇಕು. ಐದನೆಯದಾಗಿದ್ದರೆ ಗಾಜನ್ನು ತಿರುಗಿಸಿ ಕೂರಿಸಿದ್ದಾರೆ. ಎಲ್ಲ ಒಂದೇ ಬಣ್ಣ ಇದ್ದರೆ ಲೇಪನವೇ ಇಲ್ಲ. ನಮ್ಮ ಮನೆಗೆ ಬಂದ ಒಂದು ಶಟರ್ ಹೀಗೇ ಉಲ್ಟಾ ಇತ್ತು. ಆ ಪುಟ್ಟ ಜ್ವಾಲೆ ನೋಡದಿದ್ದರೆ ಗೊತ್ತೇ ಆಗುತ್ತಿರಲಿಲ್ಲ, ಹಗಲು ಎರಡೂ ಒಂದೇ ಥರ ಕಾಣುತ್ತವೆ.

ಗಾಜಿನ ಅಂಚಿನಲ್ಲಿ ಒಡಕು ಇದ್ದರೆ, ಪದರಗಳ ನಡುವೆ ಮಂಜು ಅಥವಾ ಧೂಳು ಇದ್ದರೆ ಇಳಿಸಿಕೊಳ್ಳಬೇಡಿ. ಇಳಿಸಿದ ಗಾಜನ್ನು ಮಲಗಿಸಬೇಡಿ. ಕಟ್ಟಿಗೆ ಪಟ್ಟಿ ಮೇಲೆ ನಿಲ್ಲಿಸಿ, ಬಿಸಿಲಿಗೆ ಬೇಡ.

## 8. ಕೂರಿಸುವುದು

ಖಾಲಿ ಚೌಕಟ್ಟು ಮೊದಲು, ಗಾಜು ಆಮೇಲೆ. ಚೌಕಟ್ಟಿನ ಕೆಳಗೆ ಎರಡೂ ಮೂಲೆಯ ಹತ್ತಿರ ಪ್ಯಾಕಿಂಗ್ ತುಂಡು ಇಟ್ಟು ನಿಲ್ಲಿಸಿ. ನಾಲ್ಕೂ ಕಡೆ 10 ಮಿ.ಮೀ. ಸಂದಿ ಸರಿಯಾಗಿ ಹಂಚಿಕೆ ಆಗಿದೆಯಾ ನೋಡಿ. ಲೆವೆಲ್ ಮೂರು ಕಡೆ ಇಡಬೇಕು: ಕೆಳಪಟ್ಟಿಯ ಮೇಲೆ, ನಿಂತ ಪಟ್ಟಿಯ ಮುಖಕ್ಕೆ, ನಿಂತ ಪಟ್ಟಿಯ ಬದಿಗೆ. ಮೂರನೆಯದನ್ನು ಮರೆತರೆ ಚೌಕಟ್ಟು ತಿರುಚಿಕೊಂಡು ಕೂರುತ್ತದೆ, ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ತಾಗುವುದೇ ಇಲ್ಲ.

ಸ್ಕ್ರೂ ಮೂಲೆಯಿಂದ 150 ಮಿ.ಮೀ. ದೂರದಲ್ಲಿ ಮೊದಲನೆಯದು, ಆಮೇಲೆ 600 ಮಿ.ಮೀ.ಗೆ ಒಂದು. ಪ್ರತಿ ಸ್ಕ್ರೂ ಪಕ್ಕ ಪ್ಯಾಕಿಂಗ್ ಇರಬೇಕು, ಇಲ್ಲದಿದ್ದರೆ ಬಿಗಿ ಮಾಡಿದಾಗ ಪಟ್ಟಿ ಗೋಡೆ ಕಡೆ ಎಳೆಯುತ್ತದೆ. ಕೆಳಪಟ್ಟಿಗೆ ಮೇಲಿನಿಂದ ತೂತು ಕೊರೆಯಬೇಡಿ, ನೀರು ಅದೇ ತೂತಿನಿಂದ ಗೋಡೆಗೆ ಇಳಿಯುತ್ತದೆ. ಕೆಳಗೆ ಕ್ಲ್ಯಾಂಪ್ ಪಟ್ಟಿ ಬಳಸಿ. ಬಿಗಿ ಮಾಡುತ್ತಾ ಹೋದಂತೆ ಕರ್ಣ ಮತ್ತೆ ಅಳೆಯಿರಿ, ಎರಡರ ವ್ಯತ್ಯಾಸ 2-3 ಮಿ.ಮೀ. ಒಳಗಿರಲಿ.

ಗಾಜು ಹಾಕುವಾಗ ಅದು ನೇರವಾಗಿ ಚೌಕಟ್ಟಿನ ಮೇಲೆ ಕೂರಬಾರದು, ಪ್ಯಾಕಿಂಗ್ ಮೇಲೆ ಕೂರಬೇಕು. ತೆರೆಯುವ ಶಟರ್‌ನಲ್ಲಿ ಹಿಂಜ್ ಕಡೆಯ ಕೆಳಮೂಲೆ ಮತ್ತು ಹಿಡಿಕೆ ಕಡೆಯ ಮೇಲ್ಮೂಲೆ, ಈ ಎರಡು ಕಡೆ ಬಿಗಿ ಪ್ಯಾಕಿಂಗ್ ಬೇಕು. ಆಗ ಗಾಜಿನ ಭಾರ ಓರೆಯಾಗಿ ಹಿಂಜ್‌ಗೆ ಹೋಗುತ್ತದೆ. ಇದನ್ನು ಬಿಟ್ಟರೆ ಆರು ತಿಂಗಳಲ್ಲಿ ಶಟರ್ ಹಿಡಿಕೆ ಕಡೆ ಜೋತು ಬೀಳುತ್ತದೆ. ಅಡಿಯಲ್ಲಿ ಮೂರೂ ಗಾಜಿಗೆ ಪ್ಯಾಕಿಂಗ್ ತಾಗಬೇಕು, ಅಗಲ ಸಾಲದೆ ಎರಡಕ್ಕೇ ತಾಗಿದರೆ ಮೂರನೆಯದು ಜಾರಿ ಸೀಲ್ ಹರಿಯುತ್ತದೆ.

## 9. ಸಂದಿ ಮುಚ್ಚುವುದು

ನಮ್ಮ ಮೊದಲ ಕಿಟಕಿ ಹಾಳಾದದ್ದು ಈ ಹಂತದಲ್ಲಿ. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಸುತ್ತ ಸಿಮೆಂಟ್ ಗಿಲಾವು ತುಂಬಿ ನುಣ್ಣಗೆ ಸವರಿಬಿಟ್ಟಿದ್ದರು. ಡಿಸೆಂಬರಿನಲ್ಲಿ ಚೆನ್ನಾಗಿಯೇ ಇತ್ತು. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಹಿಡಿಕೆ ತಿರುಗುತ್ತಿರಲಿಲ್ಲ, ರಾತ್ರಿ ಹತ್ತಕ್ಕೆ ತಿರುಗುತ್ತಿತ್ತು. ಲೆವೆಲ್ ಇಟ್ಟು ನೋಡಿದರೆ ನಿಂತ ಪಟ್ಟಿ ನಡುವೆ ಒಳಕ್ಕೆ ಬಾಗಿತ್ತು. ಹೊರಗಡೆ ಸಿಮೆಂಟ್ ಮತ್ತು ಪಟ್ಟಿಯ ನಡುವೆ ಕೂದಲೆಳೆಯ ಬಿರುಕು, ಅಲ್ಲಿಂದ ಕೆಂಪು ಧೂಳು ಒಳಗೆ ಗೆರೆ ಎಳೆದಂತೆ ಬಿದ್ದಿತ್ತು.

ಸರಿಯಾದ ಕ್ರಮ ಇದು. ಸಂದಿಯ ಧೂಳು ಬ್ರಷ್‌ನಿಂದ ತೆಗೆದು ಸ್ವಲ್ಪ ನೀರು ಚಿಮುಕಿಸಿ. ಚೌಕಟ್ಟಿನ ಒಳಗೆ ಅಡ್ಡ ಒಂದು ಕಟ್ಟಿಗೆ ಆಸರೆ ಕೊಡಿ, ಫೋಮ್ ಉಬ್ಬಿದಾಗ ಪಟ್ಟಿ ಬಾಗಬಾರದು. ಫೋಮ್ ಅನ್ನು ಸಂದಿಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ತುಂಬಿ, ಉಳಿದದ್ದು ತಾನೇ ಉಬ್ಬಿ ತುಂಬುತ್ತದೆ. ಗಟ್ಟಿಯಾಗುವವರೆಗೆ ಮುಟ್ಟಬೇಡಿ. ಆಮೇಲೆ ಹೊರಗಡೆ 10 ಮಿ.ಮೀ. ಆಳಕ್ಕೆ ಕತ್ತರಿಸಿ, ಫೋಮ್ ಹಗ್ಗ ಒತ್ತಿ, ಅದರ ಮೇಲೆ ಸಿಲಿಕಾನ್ ಎಳೆಯಿರಿ. ಫೋಮ್ ಬಿಸಿಲಿಗೆ ಬಿದ್ದರೆ ಪುಡಿಯಾಗುತ್ತದೆ, ಹಾಗೇ ಬಿಡುವಂತಿಲ್ಲ. ಒಳಗಡೆಯೂ ಸೀಲ್ ಮಾಡಿ, ಅದರ ಮೇಲೆ ಬೇಕಾದರೆ ಮುಚ್ಚುಪಟ್ಟಿ.

ಸಿಲಿಕಾನ್ ಟ್ಯೂಬ್ ಬಿಚ್ಚಿದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ವಾಪಸ್ ಕೊಡಿ. ಅದು ಅಸಿಟಿಕ್, ಸಿಮೆಂಟು ಮತ್ತು ಕಲ್ಲಿಗೆ ಸರಿಯಾಗಿ ಹಿಡಿಯುವುದಿಲ್ಲ, ಗಾಜಿನ ಅಂಚಿನ ಸೀಲಿಗೂ ಒಳ್ಳೇದಲ್ಲ. ನ್ಯೂಟ್ರಲ್ ಅಂತ ಬರೆದದ್ದೇ ಬೇಕು.

ಚೌಕಟ್ಟಿನ ಕೆಳಗೆ ಹೊರಗಡೆ ಸಣ್ಣ ಉದ್ದನೆಯ ತೂತುಗಳಿರುತ್ತವೆ. ಒಳಗೆ ಸೇರಿದ ನೀರು ಹೊರಗೆ ಹೋಗುವುದು ಅಲ್ಲಿಂದಲೇ. ಅದಕ್ಕೆ ಸಿಲಿಕಾನ್ ಹಚ್ಚಬೇಡಿ, ಗಿಲಾವು ಮುಚ್ಚಬಾರದು. ಗೌಂಡಿಗೆ ಕೈಯಿಟ್ಟು ತೋರಿಸಿ.

ಪಟ್ಟಿಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೆಲಸ ಮುಗಿದ ವಾರದೊಳಗೆ ಸುಲಿಯಿರಿ. ಗೃಹಪ್ರವೇಶದವರೆಗೆ ಇರಲಿ ಅಂತ ಬಿಟ್ಟರೆ ಬಿಸಿಲಿಗೆ ಬೆಂದು ಅಂಟಿಕೊಳ್ಳುತ್ತದೆ, ಆಮೇಲೆ ಉಗುರಿನಲ್ಲಿ ಕೆರೆದರೂ ಬರುವುದಿಲ್ಲ.

## 10. ದುಡ್ಡು ಪೂರ್ತಿ ಕೊಡುವ ಮುಂಚೆ ಪರೀಕ್ಷೆ

ಒಂದು ಕಾಗದದ ಪಟ್ಟಿಯನ್ನು ಶಟರ್‌ಗೂ ಚೌಕಟ್ಟಿಗೂ ನಡುವೆ ಇಟ್ಟು ಮುಚ್ಚಿ ಎಳೆಯಿರಿ. ಸುತ್ತ ಎಲ್ಲ ಕಡೆ ಬಿಗಿಯಾಗಿರಬೇಕು. ಎಲ್ಲಿ ಸುಮ್ನೆ ಜಾರಿ ಬರುತ್ತದೋ ಅಲ್ಲಿ ಲಾಕ್ ಅಥವಾ ಹಿಂಜ್ ಹೊಂದಿಸಬೇಕು.

ಗಾಳಿ ಬೀಸುವ ಸಂಜೆ ಫ್ಯಾನ್ ಆರಿಸಿ, ಊದಿನಕಡ್ಡಿ ಹಚ್ಚಿಕೊಂಡು ಚೌಕಟ್ಟಿನ ಅಂಚಿನಲ್ಲಿ ನಿಧಾನಕ್ಕೆ ಒಯ್ಯಿರಿ. ಹೊಗೆ ನೇರ ಏರುತ್ತಿದ್ದರೆ ಸರಿ. ಒಂದು ಜಾಗದಲ್ಲಿ ನಡುಗಿದರೆ, ಪಕ್ಕಕ್ಕೆ ಎಳೆದರೆ ಅಲ್ಲಿ ಸೀಸಕಡ್ಡಿಯಿಂದ ಗುರುತು ಹಾಕಿ.

ನೀರಿನ ಪರೀಕ್ಷೆಗೆ ಪೈಪಿನಿಂದ ಕೆಳಗಿನಿಂದ ಮೇಲಕ್ಕೆ ಹೋಗಿ, ಪ್ರತಿ ಮಟ್ಟದಲ್ಲಿ ಐದು ನಿಮಿಷ. ಮೇಲಿಂದ ಶುರು ಮಾಡಿದರೆ ಎಲ್ಲ ಒಟ್ಟಿಗೆ ನೆನೆದು ಎಲ್ಲಿಂದ ಸೋರಿತು ಅಂತ ಗೊತ್ತಾಗುವುದಿಲ್ಲ. ಬೆಳಗಾವಿಯವರಿಗೆ ಈ ಪರೀಕ್ಷೆ ಇನ್ನೂ ಮುಖ್ಯ, ಅಲ್ಲಿಯ ಜುಲೈ ಮಳೆ ಓರೆಯಾಗಿ ಬೀಳುತ್ತದೆ.

ಮುಂದೆ ಕಾಣುವ ಲಕ್ಷಣಗಳಲ್ಲಿ ಎರಡನ್ನು ಬೇರೆ ಬೇರೆ ತಿಳಿದುಕೊಳ್ಳಿ. ಚಳಿಗಾಲದ ಬೆಳಿಗ್ಗೆ ಗಾಜಿನ ಹೊರಮೈಯಲ್ಲಿ ಇಬ್ಬನಿ ಕಂಡರೆ ಗಾಬರಿ ಬೇಡ, ಒಳಗಿನ ಬೆಚ್ಚಗಿನ ಶಾಖ ಹೊರಗಾಜಿಗೆ ಬರುತ್ತಿಲ್ಲ ಅಂತ ಅದರ ಅರ್ಥ. ಪದರಗಳ ನಡುವೆ ಮಂಜು ಕಂಡರೆ ಸೀಲ್ ಹೋಗಿದೆ. ಅದನ್ನು ತೂತು ಕೊರೆದು ಒಣಗಿಸಿ ಕೊಡುತ್ತೇವೆ ಅನ್ನುವವರನ್ನು ನಂಬಬೇಡಿ, ಗಾಜೇ ಬದಲಿಸಬೇಕು. ವಾರಂಟಿ ಕಾಗದದಲ್ಲಿ ಚೌಕಟ್ಟಿಗೆ ಎಷ್ಟು ವರ್ಷ, ಗಾಜಿನ ಸೀಲಿಗೆ ಎಷ್ಟು ವರ್ಷ ಅಂತ ಬೇರೆ ಬೇರೆ ಬರೆಸಿಕೊಳ್ಳಿ.

## ಗಾಳಿ: ಇದನ್ನು ಮರೆತರೆ ಜೀವಕ್ಕೆ ಅಪಾಯ

ಹಳೇ ಕಿಟಕಿಯ ಸಂದಿಗಳಿಂದ ಧೂಳು ಬರುತ್ತಿತ್ತು ನಿಜ, ಅದರ ಜೊತೆಗೆ ಗಾಳಿಯೂ ಬರುತ್ತಿತ್ತು. ಈಗ ಮನೆ ಡಬ್ಬಿಯಂತೆ ಮುಚ್ಚಿದೆ. ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಅಲ್ಲಿ ಈ ಕಿಟಕಿ ಹಾಕಲೇಬೇಡಿ. ಗೀಸರನ್ನು ಹೊರಗೆ ಹಾಕಿಸಿ, ಇಲ್ಲವೇ ವಿದ್ಯುತ್ ಗೀಸರಿಗೆ ಬದಲಿಸಿ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆ ಇಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಬಿದ್ದುಬಿಡುತ್ತಾರೆ. ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಇದ್ದರೆ ಸಾಲದು, ಅದು ಹೊರಗೆ ತಳ್ಳುವಷ್ಟು ಗಾಳಿ ಒಳಗೆ ಬರಲು ಜಾಲರಿ ಹಾಕಿದ ತೂತು ಬೇಕು. ಚಳಿ ಅಂತ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿ ಇದ್ದರೆ ಬಿಡಿ.

ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಕಿಟಕಿ ಮುಚ್ಚಿ, ಪರದೆ ಎಳೆಯಿರಿ. ರಾತ್ರಿ ಹೊರಗಿನ ಗಾಳಿ ಮನೆಯೊಳಗಿನದಕ್ಕಿಂತ ತಂಪಾದ ಮೇಲೆ ಎದುರುಬದುರು ಕಿಟಕಿ ಎರಡೂ ತೆರೆಯಿರಿ. ಒಂದೂವರೆ ಅಡಿಯ ಕಲ್ಲಿನ ಗೋಡೆ ಹಗಲು ಹೀರಿದ ಬಿಸಿಯನ್ನು ರಾತ್ರಿಯಿಡೀ ಬಿಡುತ್ತಿರುತ್ತದೆ. ಆ ಹೊತ್ತಿನಲ್ಲಿ ಕಿಟಕಿ ಮುಚ್ಚಿದ್ದರೆ ಅದೆಲ್ಲ ಒಳಗೇ ಉಳಿಯುತ್ತದೆ.